ಒಂದು ಸಣ್ಣ ರಂಧ್ರದ ಚರಿತ್ರೆ



ನನ್ನ ಹಳೆಯ ವಿಜಯ್ ಸೂಪರ್ ಸ್ಕೂಟರನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. 1981ರಲ್ಲಿ ನಾನು ಕೊಂಡ ಆ ವಾಹನವು ತಿಪಟೂರಿನಲ್ಲಿ ನಮ್ಮ ಶಾಲೆಯ ಬೇವಿನ ಮರದ ಕೆಳಗೆ ಇಪ್ಪತ್ತೈದು ವರ್ಷಗಳಿಗೂ ಹೆಚ್ಚು ಕಾಲ ನಿಂತಿತ್ತು. ಅದರ ಸದ್ದು ಗೇಟಿನ ಬಳಿ ಕೇಳಿಸಿದೊಡನೆ ತರಗತಿಯ ಗದ್ದಲ ಅಡಗುತ್ತಿತ್ತೆಂದು ನೀವೇ ನನಗೆ ಹೇಳಿದ್ದುಂಟು. ನಾನು ನಿವೃತ್ತನಾದ ಮೇಲೆ ಅದೂ ನಿವೃತ್ತವಾಗಿ ಹಿತ್ತಲಿನ ಕೊಟ್ಟಿಗೆ ಸೇರಿತು. ಎರಡು ವರ್ಷಗಳ ಹಿಂದೆ ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗ ಬಂದು, "ಮಾವ, ಈ ಗಾಡಿ ನನಗೆ ಕೊಡಿ, ಹೊಸದಾಗಿ ಮಾಡಿಸುತ್ತೇನೆ" ಎಂದು ಕೇಳಿದ. ಸಂತೋಷದಿಂದಲೇ ಕೊಟ್ಟೆ.

ಅವನು ಬರೀ ಬಣ್ಣ ಹೊಡೆಸಿ ಸುಮ್ಮನಾಗಲಿಲ್ಲ. ವಿದೇಶದಿಂದ ದೊಡ್ಡ ಸಿಲಿಂಡರು, ಹೊಟ್ಟೆ ಉಬ್ಬಿದ ಸೈಲೆನ್ಸರು, 30 ಮಿಲಿಮೀಟರಿನ ದೊಡ್ಡದೊಂದು ಕಾರ್ಬುರೇಟರು, ಎಲ್ಲವನ್ನೂ ತರಿಸಿ ಜೋಡಿಸಿದ. ಗಾಡಿ ನಿಂತಲ್ಲಿ ಸಿಂಹದಂತೆ ಗರ್ಜಿಸುತ್ತಿತ್ತು. ಹೊರಟರೆ ಮುದಿ ಎತ್ತಿನಂತೆ ಮುಗ್ಗರಿಸುತ್ತಿತ್ತು. ಕಡೆಗೆ ಅದನ್ನು ಟೆಂಪೋ ಒಂದರಲ್ಲಿ ಹೇರಿಕೊಂಡು ತಿಪಟೂರಿಗೇ ತಂದ. ಆ ನೆಪದಲ್ಲಿ ನಾನು ನಲವತ್ತು ವರ್ಷಗಳಿಂದ ಮುಂದೂಡುತ್ತ ಬಂದಿದ್ದ ಒಂದು ಕೆಲಸವನ್ನು ಮಾಡಬೇಕಾಯಿತು. ಅದೇನೆಂಬುದನ್ನು ತಿಳಿಸುವ ಮೊದಲು ಕಾರ್ಬುರೇಟರಿನ ಚರಿತ್ರೆಯನ್ನು ಸ್ವಲ್ಪ ಹೇಳಬೇಕು. ಚರಿತ್ರೆ ತಿಳಿಯದೆ ನನ್ನ ತಪ್ಪು ಎಂಥದೆಂಬುದು ನಿಮಗೆ ಅರ್ಥವಾಗಲಾರದು.

ತರಗತಿಯಲ್ಲಿ ನಾನು ಫ್ಲಿಟ್ ಪಂಪು ತಂದು ಪಾಠ ಮಾಡುತ್ತಿದ್ದುದು ನೆನಪಿದೆಯೆ? ಸೊಳ್ಳೆಗೆ ಔಷಧಿ ಹೊಡೆಯುವ ಪಂಪು ಅದು. ಹಿಡಿಯನ್ನು ಒತ್ತಿದರೆ ಗಾಳಿ ವೇಗವಾಗಿ ನುಗ್ಗುತ್ತದೆ. ಡಬ್ಬದೊಳಗಿನ ದ್ರವವು ಸಣ್ಣ ಕೊಳವೆಯ ಮೂಲಕ ತಾನಾಗಿ ಮೇಲೇರಿ ತುಂತುರಾಗಿ ಚೆಲ್ಲುತ್ತದೆ. ಕಾರ್ಬುರೇಟರಿನ ಮೂಲತತ್ತ್ವವೂ ಇದೇ. ಹರಿಯುವ ದ್ರವದ ವೇಗಕ್ಕೂ ಒತ್ತಡಕ್ಕೂ ಇರುವ ಸಂಬಂಧವನ್ನು ಡೇನಿಯಲ್ ಬರ್ನೌಲಿ 1738ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರಿಸಿದ. ಇಟಲಿಯ ಜಿಯೋವಾನಿ ಬತ್ತಿಸ್ತಾ ವೆಂಚುರಿ 1797ರಲ್ಲಿ ಕಿರಿದಾದ ಕೊರಳಿನ ಕೊಳವೆಗಳಲ್ಲಿ ಹರಿವು ಹೇಗಿರುತ್ತದೆಂದು ಪ್ರಯೋಗಗಳಿಂದ ತೋರಿಸಿದ. ಕಾರ್ಬುರೇಟರಿನ ನಡುವಿನ ಇಕ್ಕಟ್ಟಾದ ಭಾಗಕ್ಕೆ ಇಂದಿಗೂ ಅವನದೇ ಹೆಸರು.

ಆದರೂ ಮೊದಲ ಪೆಟ್ರೋಲ್ ವಾಹನಗಳಲ್ಲಿ ಈ ತುಂತುರಿನ ಉಪಾಯವಿರಲಿಲ್ಲ. ಪೆಟ್ರೋಲಿನ ಮೇಲ್ಮೈಯಿಂದ ತಾನಾಗಿ ಏಳುವ ಆವಿಯನ್ನೇ ಗಾಳಿಯೊಡನೆ ಎಳೆದುಕೊಳ್ಳುವ ಏರ್ಪಾಡು ಆಗ ರೂಢಿಯಲ್ಲಿತ್ತು. ಬಿಸಿಲಿದ್ದರೆ ಒಂದು ಪ್ರಮಾಣ, ಚಳಿಯಿದ್ದರೆ ಇನ್ನೊಂದು. 1893ರಲ್ಲಿ ಹಂಗೇರಿಯ ದೊನಾತ್ ಬಾಂಕಿ ಹಾಗೂ ಯಾನೋಷ್ ಚೋಂಕಾ ಎಂಬಿಬ್ಬರು ತುಂತುರು ಚಿಮ್ಮಿಸುವ ಕಾರ್ಬುರೇಟರಿಗೆ ಪೇಟೆಂಟು ಪಡೆದರು. ಅದೇ ಕಾಲಕ್ಕೆ ಜರ್ಮನಿಯ ವಿಲ್ಹೆಲ್ಮ್ ಮೈಬಾಖ್ ಕೂಡ ಸ್ವತಂತ್ರವಾಗಿ ಇದೇ ಉಪಾಯವನ್ನು ಕಂಡುಕೊಂಡಿದ್ದ. ಪೆಟ್ರೋಲು ಹೊರಬರುವ ರಂಧ್ರದ ಅಳತೆಯನ್ನು ಬದಲಿಸಿದರೆ ಮಿಶ್ರಣದ ಪ್ರಮಾಣವನ್ನೂ ಬದಲಿಸಬಹುದೆಂಬುದು ಅಂದಿನಿಂದ ಸಾಧ್ಯವಾಯಿತು. ಹಿತ್ತಾಳೆಯಲ್ಲಿ ಕೊರೆದ ಆ ರಂಧ್ರವನ್ನೇ ನಾವು ಜೆಟ್ ಎನ್ನುತ್ತೇವೆ.

ಇನ್ನು ಸ್ಕೂಟರಿನ ಕಥೆ. ಎರಡನೆಯ ಮಹಾಯುದ್ಧದಲ್ಲಿ ಇಟಲಿಯ ಕಾರ್ಖಾನೆಗಳು ಬಾಂಬಿಗೆ ತುತ್ತಾಗಿದ್ದವು. ಜನರ ಬಳಿ ಹಣವಿರಲಿಲ್ಲ. ಕೆಲಸಕ್ಕೆ ಹೋಗಲು ಅಗ್ಗದ ವಾಹನವೊಂದು ಬೇಕಿತ್ತು. 1946ರಲ್ಲಿ ಪಿಯಾಜಿಯೊ ಕಂಪನಿಯು ಕೊರಾದಿನೊ ದಸ್ಕಾನಿಯೊ ವಿನ್ಯಾಸಗೊಳಿಸಿದ ವೆಸ್ಪಾವನ್ನು ಹೊರತಂದಿತು. ಮರುವರ್ಷ, ಅಂದರೆ 1947ರಲ್ಲಿ, ಉಕ್ಕಿನ ಕೊಳವೆಗಳ ಉದ್ಯಮದಲ್ಲಿ ಹೆಸರು ಮಾಡಿದ್ದ ಫೆರ್ದಿನಾಂದೊ ಇನ್ನೊಚೆಂತಿ ಮಿಲಾನಿನ ಲಂಬ್ರಾತೆಯಲ್ಲಿದ್ದ ತನ್ನ ಕಾರ್ಖಾನೆಯಿಂದ ಲ್ಯಾಂಬ್ರೆಟ್ಟಾವನ್ನು ಹೊರತಂದ. ಆ ಬಡಾವಣೆಯ ಹೆಸರೇ ಗಾಡಿಯ ಹೆಸರಿನಲ್ಲಿ ಉಳಿಯಿತು. ಮಿಲಾನಿಗೆ ಸಮೀಪದ ಸೆರೆಞ್ಞೊ ಎಂಬ ಊರಿನಲ್ಲಿ 1933ರಿಂದ ನಡೆಯುತ್ತಿದ್ದ ಡೆಲ್ಲೋರ್ಟೊ ಸಂಸ್ಥೆಯು ಈ ಸ್ಕೂಟರುಗಳಿಗೆ ಕಾರ್ಬುರೇಟರುಗಳನ್ನು ಮಾಡಿಕೊಟ್ಟಿತು.

ಈ ಕಾರ್ಬುರೇಟರುಗಳನ್ನು ಯಾವ ಉದ್ದೇಶಕ್ಕಾಗಿ ಮಾಡಿದ್ದರೆಂಬುದನ್ನು ಗಮನಿಸಬೇಕು. ಉದ್ದೇಶ ವೇಗವಲ್ಲ, ಮಿತವ್ಯಯ ಮತ್ತು ನೆಮ್ಮದಿ. ನನ್ನ ವಿಜಯ್ ಸೂಪರಿನ ಮೂಲವಾದ ಲ್ಯಾಂಬ್ರೆಟ್ಟಾದ 148 ಸಿ.ಸಿ. ಇಂಜಿನ್ನಿನಲ್ಲಿ ಪಿಸ್ಟನ್ನಿನ ವ್ಯಾಸ 57 ಮಿ.ಮೀ., ಅದು ಚಲಿಸುವ ದೂರ 58 ಮಿ.ಮೀ. ಕಾರ್ಬುರೇಟರಿನ ಕೊರಳು ಕೇವಲ 18ರಿಂದ 22 ಮಿ.ಮೀ. ಆಸುಪಾಸಿನದು. ನಂತರದ ಲ್ಯಾಂಬ್ರೆಟ್ಟಾಗಳಲ್ಲಿ ಬಂದ ಡೆಲ್ಲೋರ್ಟೊ ಎಸ್.ಎಚ್. ಮಾದರಿಯಲ್ಲಿ ಬೈಕುಗಳ ಕಾರ್ಬುರೇಟರಿನಲ್ಲಿರುವಂಥ ನೀಡಲ್ ಸಹ ಇಲ್ಲ. ಒಂದು ಚಿಕ್ಕ ಜೆಟ್ಟು ನಿಧಾನ ಓಟಕ್ಕೆ, ಒಂದು ದೊಡ್ಡ ಜೆಟ್ಟು ಪೂರ್ಣ ಓಟಕ್ಕೆ, ಒಂದು ಬೆಳಗಿನ ಚಳಿಯಲ್ಲಿ ಕಿಕ್ ಹೊಡೆಯುವಾಗಿನ ಚೋಕಿಗೆ. ಸಾಮಾನ್ಯ ಸವಾರನು ಹಾಳುಮಾಡಲು ಹೆಚ್ಚೇನೂ ಉಳಿಯದಂತೆ ಬುದ್ಧಿವಂತಿಕೆಯಿಂದ ಮಾಡಿದ ವಸ್ತು ಅದು. ಅದನ್ನೂ ಹಾಳುಮಾಡಿದ ಸವಾರನೊಬ್ಬನನ್ನು ಮುಂದೆ ನೋಡುವಿರಿ.

ಭಾರತಕ್ಕೆ ಲ್ಯಾಂಬ್ರೆಟ್ಟಾ ಬಂದದ್ದು 1950ರ ದಶಕದಲ್ಲಿ, ಮುಂಬಯಿಯ ಆಟೋಮೊಬೈಲ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಎಂಬ ಕಂಪನಿಯ ಮೂಲಕ. ವೆಸ್ಪಾ ಬಂದದ್ದು ಬಜಾಜ್ ಮೂಲಕ. ಇಟಲಿಯಲ್ಲಿ ಕಾರುಗಳು ಅಗ್ಗವಾದಂತೆ ಸ್ಕೂಟರಿನ ಬೇಡಿಕೆ ಕುಸಿದು, ಇನ್ನೊಚೆಂತಿ 1971ರಲ್ಲಿ ಲ್ಯಾಂಬ್ರೆಟ್ಟಾದ ತಯಾರಿಕೆಯನ್ನು ನಿಲ್ಲಿಸಿತು. ಭಾರತ ಸರ್ಕಾರವು ಆ ಕಾರ್ಖಾನೆಯ ಯಂತ್ರಗಳನ್ನೂ ಹೆಸರಿನ ಹಕ್ಕನ್ನೂ ಕೊಂಡು, 1972ರಲ್ಲಿ ಲಖನೌದಲ್ಲಿ ಸ್ಕೂಟರ್ಸ್ ಇಂಡಿಯಾ ಲಿಮಿಟೆಡ್ ಎಂಬ ಸಂಸ್ಥೆಯನ್ನು ಸ್ಥಾಪಿಸಿತು. ಮಿಲಾನಿನ ಯಂತ್ರಗಳು ಗೋಮತಿಯ ತೀರಕ್ಕೆ ಬಂದವು. ಅಲ್ಲಿ ತಯಾರಾದದ್ದೇ ವಿಜಯ್ ಸೂಪರ್. ಆಲ್ವಿನ್ ಪುಷ್ಪಕ್, ಫಾಲ್ಕನ್, ಕೇಸರಿ ಮೊದಲಾದ ಹೆಸರುಗಳಲ್ಲಿ ಓಡಾಡಿದ ಸ್ಕೂಟರುಗಳಿಗೂ ಲಖನೌದಿಂದಲೇ ಭಾಗಗಳು ಹೋಗುತ್ತಿದ್ದವು. 1990ರ ದಶಕದ ಕೊನೆಗೆ ಅಲ್ಲಿ ಸ್ಕೂಟರ್ ತಯಾರಿಕೆ ನಿಂತು ತ್ರಿಚಕ್ರ ವಾಹನಗಳಷ್ಟೇ ಉಳಿದವು. 2021ರಲ್ಲಿ ಸಂಸ್ಥೆಯನ್ನೇ ಮುಚ್ಚುವ ತೀರ್ಮಾನವಾಯಿತು. ಕಾರ್ಬುರೇಟರಿನ ಕಥೆಯೂ ಇದೇ ದಾರಿಯಲ್ಲಿ ಸಾಗಿತು. ಡೆಲ್ಲೋರ್ಟೊದ ವಿನ್ಯಾಸಗಳನ್ನು ಪರವಾನಗಿ ಪಡೆದು ಸ್ಪಾಕೊ ಎಂಬ ಸಂಸ್ಥೆಯು ನಮ್ಮ ದೇಶದಲ್ಲಿ ತಯಾರಿಸಿತು. ಇಂದು ಯುರೋಪಿನಲ್ಲಿ ಹಳೆಯ ಸ್ಕೂಟರುಗಳನ್ನು ದುರಸ್ತಿ ಮಾಡಿಕೊಳ್ಳುವವರು ಭಾರತದಲ್ಲಿ ತಯಾರಾದ ಭಾಗಗಳನ್ನೂ ಹುಡುಕುತ್ತಾರೆ.

ಆದರೆ ನೆಮ್ಮದಿಗಾಗಿ ಮಾಡಿದ ಇಂಜಿನ್ನನ್ನು ವೇಗಕ್ಕಾಗಿ ತಿದ್ದುವ ಹಂಬಲ ಮೊದಲಿನಿಂದಲೂ ಇತ್ತು. 1951ರಲ್ಲಿ ರೊಮೊಲೊ ಫೆರಿ ಎಂಬ ಸವಾರನು ಮೀನಿನಾಕಾರದ ಕವಚ ತೊಡಿಸಿದ 125 ಸಿ.ಸಿ. ಲ್ಯಾಂಬ್ರೆಟ್ಟಾವನ್ನು ಜರ್ಮನಿಯ ಹೆದ್ದಾರಿಯಲ್ಲಿ ಗಂಟೆಗೆ 201 ಕಿಲೋಮೀಟರ್ ವೇಗದಲ್ಲಿ ಓಡಿಸಿದ. ಅದು ಕಂಪನಿಯ ಪ್ರತಿಷ್ಠೆಯ ಪ್ರಶ್ನೆ, ಜನಸಾಮಾನ್ಯರ ಮಾತಲ್ಲ. ಜನಸಾಮಾನ್ಯರು ಸ್ಕೂಟರ್ ತಿದ್ದತೊಡಗಿದ್ದು ಮುಖ್ಯವಾಗಿ ಇಂಗ್ಲೆಂಡಿನಲ್ಲಿ, 1960ರ ದಶಕದಲ್ಲಿ. ವಾಟ್‌ಫರ್ಡಿನ ಆರ್ಥರ್ ಫ್ರಾನ್ಸಿಸ್ ಅವರಂಥ ವ್ಯಾಪಾರಿಗಳು ಲ್ಯಾಂಬ್ರೆಟ್ಟಾದ ಸಿಲಿಂಡರ್ ಕೊರೆದು, ಕಿಂಡಿಗಳನ್ನು ಅಗಲಿಸಿ, ದೊಡ್ಡ ಕಾರ್ಬುರೇಟರ್ ಕೂರಿಸಿ ವಿಶೇಷ ಸ್ಕೂಟರುಗಳನ್ನು ಮಾರತೊಡಗಿದರು. ಬರ್ಮಿಂಗ್‌ಹ್ಯಾಮಿನ ಆಮಲ್ ಕಾರ್ಬುರೇಟರು ಆಗ ಅವರಿಗೆ ಸುಲಭವಾಗಿ ದೊರೆಯುತ್ತಿತ್ತು. ಮೋಟಾರ್ ಸೈಕಲ್ಲುಗಳಿಗಾಗಿ ಮಾಡಿದ ಅದರಲ್ಲಿ ನೀಡಲ್ ಇತ್ತು. ತಿದ್ದುವುದಕ್ಕೆ ಹೆಚ್ಚು ಅವಕಾಶವಿತ್ತು. 1980ರ ದಶಕದಲ್ಲಿ ಟಿ.ಎಸ್.1 ಎಂಬ ಅಲ್ಯೂಮಿನಿಯಮ್ ಸಿಲಿಂಡರ್ ಬಂದ ಮೇಲಂತೂ 200 ಸಿ.ಸಿ. ಲ್ಯಾಂಬ್ರೆಟ್ಟಾ 225 ಸಿ.ಸಿ. ಆಯಿತು. ಅಂಥವಕ್ಕೆ 30 ಮಿ.ಮೀ. ಕಾರ್ಬುರೇಟರ್ ಹಾಕುವುದು ರೂಢಿಯಾಯಿತು. ನನ್ನ ತಂಗಿಯ ಮಗ ಚಿತ್ರಗಳಲ್ಲಿ ನೋಡಿ ಮನಸೋತದ್ದು ಇದಕ್ಕೇ.

ಸೈಲೆನ್ಸರಿಗೂ ಒಂದು ಚರಿತ್ರೆಯುಂಟು. ಪೂರ್ವ ಜರ್ಮನಿಯ ತ್ಸ್ಕೊಪೌ ಎಂಬ ಊರಿನ ಎಂ.ಜೆಡ್. ಕಾರ್ಖಾನೆಯಲ್ಲಿ ವಾಲ್ಟರ್ ಕಾಡೆನ್ ಎಂಬ ಇಂಜಿನಿಯರನು, ಹೊಗೆಕೊಳವೆಯ ಆಕಾರವನ್ನು ಸರಿಯಾಗಿ ಮಾಡಿದರೆ ಅದರೊಳಗಿನ ಒತ್ತಡದ ಅಲೆಗಳೇ ಹೊರಗೆ ತಪ್ಪಿಸಿಕೊಂಡ ಮಿಶ್ರಣವನ್ನು ಮರಳಿ ಸಿಲಿಂಡರಿಗೆ ತಳ್ಳುತ್ತವೆಂಬುದನ್ನು 1950ರ ದಶಕದಲ್ಲಿ ಬಳಕೆಗೆ ತಂದ. 1961ರ ಹೊತ್ತಿಗೆ ಅವನ 125 ಸಿ.ಸಿ. ಇಂಜಿನ್ 25 ಅಶ್ವಶಕ್ತಿ ಕೊಡುತ್ತಿತ್ತು. ಅದೇ ವರ್ಷ ಅವನ ಸವಾರ ಎರ್ನ್ಸ್ಟ್ ಡೆಗ್ನರ್ ಸ್ವೀಡನ್ನಿನ ಸ್ಪರ್ಧೆಯ ವೇಳೆ ದೇಶ ಬಿಟ್ಟು ಓಡಿಹೋಗಿ ಜಪಾನಿನ ಸುಜುಕಿ ಕಂಪನಿಯನ್ನು ಸೇರಿದ. ವಿದ್ಯೆಯೂ ಅವನೊಡನೆ ಹೋಯಿತು. ಹೊಟ್ಟೆ ಉಬ್ಬಿದ ಆ ಕೊಳವೆಗಳು ಇಂದು ಲೋಕದಲ್ಲೆಲ್ಲ ಇವೆ. ಇಂಥ ಕೊಳವೆ ಹಾಕಿದ ಇಂಜಿನ್ನು ಹಳೆಯದಕ್ಕಿಂತ ಹೆಚ್ಚು ಗಾಳಿ ಕುಡಿಯುತ್ತದೆ. ಹೆಚ್ಚು ಗಾಳಿ ಬಂದರೆ ಹೆಚ್ಚು ಪೆಟ್ರೋಲೂ ಬೇಕು. ಆದುದರಿಂದ ಸೈಲೆನ್ಸರು ಬದಲಾಯಿಸಿದವನು ಜೆಟ್ಟನ್ನೂ ಬದಲಾಯಿಸಲೇಬೇಕು. ಇದನ್ನು ಮರೆತವರ ಪಿಸ್ಟನ್ನುಗಳು ಗುಜರಿ ಅಂಗಡಿಗಳಲ್ಲಿ ರಾಶಿಯಾಗಿ ಬಿದ್ದಿವೆ.

ಪೆಟ್ರೋಲು ಕಡಿಮೆಯಾದರೆ ಶಕ್ತಿಯಷ್ಟೇ ಕಡಿಮೆಯಾಗುವುದಿಲ್ಲವೆ, ಪಿಸ್ಟನ್ನಿಗೇನು ಎಂದು ನೀವು ಕೇಳಬಹುದು. ಎರಡು ಸ್ಟ್ರೋಕಿನ ಇಂಜಿನ್ನಿನಲ್ಲಿ ಪೆಟ್ರೋಲು ಮೂರು ಕೆಲಸ ಮಾಡುತ್ತದೆ. ಮೊದಲನೆಯದು ಉರಿಯುವುದು. ಎರಡನೆಯದು ತಣಿಸುವುದು, ದ್ರವವು ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರುತ್ತದೆ, ಮಡಕೆಯ ನೀರು ತಂಪಾಗುವ ಹಾಗೆ. ಮೂರನೆಯದು, ತನ್ನಲ್ಲಿ ಬೆರೆಸಿದ ಎಣ್ಣೆಯನ್ನು ಬೇರಿಂಗಿಗೂ ಪಿಸ್ಟನ್ನಿಗೂ ಹೊತ್ತೊಯ್ಯುವುದು. ಜೆಟ್ಟು ಚಿಕ್ಕದಾದರೆ ಉರಿ ಹೆಚ್ಚು ಬಿಸಿಯಾಗುತ್ತದೆ, ತಣಿಸುವುದು ಕಡಿಮೆಯಾಗುತ್ತದೆ, ಎಣ್ಣೆಯೂ ಕಡಿಮೆಯಾಗುತ್ತದೆ, ಮೂರೂ ಒಮ್ಮೆಗೇ. ಅಲ್ಯೂಮಿನಿಯಮ್ ಪಿಸ್ಟನ್ನು ಸುತ್ತಲಿನ ಕಬ್ಬಿಣದ ಸಿಲಿಂಡರಿಗಿಂತ ಹೆಚ್ಚು ಹಿಗ್ಗಿ ಅದರಲ್ಲಿಯೇ ಕಚ್ಚಿಕೊಳ್ಳುತ್ತದೆ. ಇದಕ್ಕೇ ಗ್ಯಾರೇಜಿನವರು ಇಂಜಿನ್ ಸೀಜಾಯಿತು ಎನ್ನುವುದು. ಓಡುತ್ತಿರುವ ಗಾಡಿಯ ಹಿಂದಿನ ಚಕ್ರ ಆ ಕ್ಷಣವೇ ನಿಂತುಬಿಡುತ್ತದೆ.

ಈಗ ನನ್ನ ವಿಷಯಕ್ಕೆ ಬರುತ್ತೇನೆ.

1986ರ ಬೇಸಿಗೆ. ಮೇಷ್ಟರ ಸಂಬಳದಲ್ಲಿ ಪೆಟ್ರೋಲಿನದು ದೊಡ್ಡ ಖರ್ಚು. ಬಸ್ ನಿಲ್ದಾಣದ ಹಿಂದಿನ ಗ್ಯಾರೇಜಿನಲ್ಲಿ ನನ್ನದೇ ಹಳೆಯ ವಿದ್ಯಾರ್ಥಿಯೊಬ್ಬ ಮೆಕ್ಯಾನಿಕ್ ಆಗಿದ್ದ. ಎಸ್.ಎಸ್.ಎಲ್.ಸಿ.ಯಲ್ಲಿ ಎರಡು ಸಲ ನಪಾಸಾಗಿ ಓದು ಬಿಟ್ಟವನು. ಜೆಟ್ಟಿನ ರಂಧ್ರದಲ್ಲಿ ವಿದ್ಯುತ್ ತಂತಿಯ ಒಂದು ತೆಳು ತಾಮ್ರದ ಎಳೆಯನ್ನು ತೂರಿಸಿದರೆ ಮೈಲೇಜು ಹೆಚ್ಚುತ್ತದೆಂದು ಯಾರೋ ಹೇಳಿದ್ದನ್ನು ಕೇಳಿಕೊಂಡು ನಾನು ಅವನ ಬಳಿ ಹೋದೆ. ಲೆಕ್ಕವನ್ನೂ ಮಾಡಿಕೊಂಡೇ ಹೋಗಿದ್ದೆ. 1 ಮಿ.ಮೀ. ವ್ಯಾಸದ ರಂಧ್ರದಲ್ಲಿ 0.3 ಮಿ.ಮೀ. ದಪ್ಪದ ಎಳೆ ಕೂತರೆ ವಿಸ್ತೀರ್ಣ ನೂರಕ್ಕೆ 9ರಷ್ಟು ಕುಗ್ಗುತ್ತದೆ. ಅಂದರೆ ನೂರು ರೂಪಾಯಿಗೆ ಒಂಬತ್ತು ರೂಪಾಯಿ ಉಳಿತಾಯ!

ಅವನು ಜೆಟ್ಟನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದ. "ಬೇಡ ಸಾರ್. ಊರೊಳಗೆ ಏನೂ ಆಗಲ್ಲ. ಲಾಂಗ್ ಹೋದರೆ ಬಿಸಿ ಆಗುತ್ತೆ" ಎಂದ. ನಾನು ನಕ್ಕೆ. "ಬರ್ನೌಲಿಯನ್ನು ನಿನಗೆ ಹೇಳಿಕೊಟ್ಟವನು ನಾನಪ್ಪ. ಹೇಳಿದಷ್ಟು ಮಾಡು" ಎಂದೆ. ಗ್ಯಾರೇಜಿನಲ್ಲಿದ್ದ ನಾಲ್ಕು ಜನರೂ ನಕ್ಕರು. ಅವನು ಮರುಮಾತಾಡದೆ ಎಳೆಯನ್ನು ತೂರಿಸಿಕೊಟ್ಟ.

ನನ್ನ ಲೆಕ್ಕದಲ್ಲಿ ಎರಡು ತಪ್ಪಿದ್ದವು. ದ್ರವವು ರಂಧ್ರದ ಅಂಚಿಗಷ್ಟೇ ಅಲ್ಲದೆ ಎಳೆಯ ಮೈಗೂ ಉಜ್ಜಿಕೊಂಡು ಹರಿಯಬೇಕಾದುದರಿಂದ ಹರಿವು 9ಕ್ಕಿಂತಲೂ ಹೆಚ್ಚೇ ಕುಗ್ಗುತ್ತದೆ. ಇದು ಸಣ್ಣ ತಪ್ಪು. ಪೆಟ್ರೋಲಿನ ಮೂರು ಕೆಲಸಗಳಲ್ಲಿ ಒಂದನ್ನು ಮಾತ್ರ ಲೆಕ್ಕ ಹಿಡಿದದ್ದು ದೊಡ್ಡ ತಪ್ಪು.

ಹತ್ತು ದಿನಗಳ ಮೇಲೆ ಅರಸೀಕೆರೆಯಲ್ಲಿ ಒಂದು ಮದುವೆ. ನನ್ನ ಮಡದಿ ಹಿಂದೆ ಕುಳಿತಿದ್ದಳು. ಬಿ.ಎಚ್. ರಸ್ತೆಯಲ್ಲಿ ಬಿಸಿಲೇರಿತ್ತು, ಎದುರುಗಾಳಿ ಬೀಸುತ್ತಿತ್ತು, ಮುಹೂರ್ತಕ್ಕೆ ತಡವಾಗಿತ್ತು. ಆಕ್ಸಿಲರೇಟರನ್ನು ಪೂರ್ತಿ ತಿರುಗಿಸಿ ಹಿಡಿದಿದ್ದೆ. ಒಂದು ಸಣ್ಣ ಏರಿನ ಮೇಲೆ ಇಂಜಿನ್ನಿನಿಂದ ಕೀರಲು ಸದ್ದು ಬಂತು. ಕ್ಲಚ್ ಹಿಡಿಯಬೇಕೆಂಬುದು ಹೊಳೆಯುವಷ್ಟರಲ್ಲಿ ಹಿಂದಿನ ಚಕ್ರ ಕಚ್ಚಿಕೊಂಡಿತು. ಗಾಡಿ ಅಡ್ಡಡ್ಡ ಜಾರಿ ಬಿತ್ತು. ನನಗೆ ಮೊಣಕಾಲು ತರಚಿತು. ಅವಳ ಎಡಗೈಯ ಮಣಿಕಟ್ಟು ಮುರಿಯಿತು. ಹಿಂದೆ ಲಾರಿಯೊಂದು ಬರುತ್ತಿತ್ತು. ಚಾಲಕನು ಸಮಯಕ್ಕೆ ಬ್ರೇಕು ಹಾಕಿದುದರಿಂದ ಇಂದು ಇದನ್ನು ಬರೆಯುತ್ತಿದ್ದೇನೆ. ಆ ಮಣಿಕಟ್ಟು ಸ್ವಲ್ಪ ಸೊಟ್ಟಗೆ ಕೂಡಿಕೊಂಡಿತು. ಚಪಾತಿ ಲಟ್ಟಿಸುವಾಗ ಅವಳು ಇಂದಿಗೂ ಬಲಗೈಗೇ ಹೆಚ್ಚು ಭಾರ ಕೊಡುತ್ತಾಳೆ.

ನೋಡಲು ಬಂದ ಬಂಧುಗಳಿಗೆ, ಶಾಲೆಯ ಸಹೋದ್ಯೋಗಿಗಳಿಗೆ ನಾನು ಹೇಳಿದ್ದೇನು? "ಮೆಕ್ಯಾನಿಕ್ ಏನೋ ಜೆಟ್ಟು ಕೆಡಿಸಿದ್ದ." ಅಷ್ಟೇ. ಪೂರ್ಣ ಸುಳ್ಳೆಂದು ಹೇಳಲಾಗದು. ಎಳೆಯನ್ನು ತೂರಿಸಿದ ಕೈ ಅವನದೇ. ಆದರೆ ಅದು ಸತ್ಯವಲ್ಲವೆಂಬುದು ನನಗೆ ಗೊತ್ತಿತ್ತು. ನಮ್ಮ ಶಾಲೆಯ ಮೂವರು ಅಧ್ಯಾಪಕರು ಆಮೇಲೆ ಅವನ ಗ್ಯಾರೇಜಿಗೆ ಹೋಗುವುದನ್ನು ಬಿಟ್ಟರು. ನಿಮ್ಮಲ್ಲಿಯೂ ಕೆಲವರು ಈ ಕಥೆಯನ್ನು ನನ್ನ ಬಾಯಿಂದಲೇ ಕೇಳಿರಬೇಕು. ಅಜಾಗರೂಕತೆಯ ಉದಾಹರಣೆಯಾಗಿ ತರಗತಿಯಲ್ಲಿಯೂ ಹೇಳಿದ್ದೆ. ಅವನು ಗಾಡಿಯನ್ನು ರಿಪೇರಿ ಮಾಡಿ, ಎಳೆಯನ್ನು ತೆಗೆದು, ಸಾಮಾನಿನ ಹಣವನ್ನು ಮಾತ್ರ ಪಡೆದ, ಕೂಲಿ ಮುಟ್ಟಲಿಲ್ಲ. ಯಾರಿಗೂ ಏನೂ ಹೇಳಲಿಲ್ಲ.

ಎರಡು ವರ್ಷಗಳ ಹಿಂದೆ ಟೆಂಪೋದಲ್ಲಿ ಬಂದ ಆ ಗಾಡಿಯನ್ನು ಕಂಡಾಗ, ಇಂಥ ಹಳೆಯ ಇಂಜಿನ್ ಬಲ್ಲವರು ಊರಿನಲ್ಲಿ ಅವನೊಬ್ಬನೇ ಎಂದು ಎಲ್ಲರೂ ಹೇಳಿದರು. ಗ್ಯಾರೇಜನ್ನು ಈಗ ಅವನ ಮಗ ನೋಡಿಕೊಳ್ಳುತ್ತಾನೆ. ಇವನು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕುಳಿತಿರುತ್ತಾನೆ. ನನ್ನನ್ನು ಕಂಡು ಎದ್ದುನಿಂತ.

ಅವನು ಆ ಇಂಜಿನ್ನನ್ನು ಸರಿಪಡಿಸಿದ ಕ್ರಮವನ್ನು ಇಲ್ಲಿ ಬರೆಯುತ್ತೇನೆ. ಹಳೆಯ ಸ್ಕೂಟರನ್ನು ತಿದ್ದಿಸಲು ಹೊರಟವರಿಗೆ ಅದು ಉಪಯೋಗಕ್ಕೆ ಬಂದೀತು.

ಮೊದಲು 30 ಮಿ.ಮೀ. ಕಾರ್ಬುರೇಟರನ್ನು ಬಿಚ್ಚಿ ಬೆಂಚಿನ ಮೇಲಿಟ್ಟ. ಹುಡುಗನಿಗೆ ಬೇಸರವಾಯಿತು. ಅವನು ಹಾಕಿಸಿದ್ದ ಸಿಲಿಂಡರಿನ ವ್ಯಾಸ 62 ಮಿ.ಮೀ., ಅಂದರೆ 175 ಸಿ.ಸಿ. 20 ಮಿ.ಮೀ. ಕೊರಳಿಗೆ ಹೋಲಿಸಿದರೆ 30 ಮಿ.ಮೀ. ಕೊರಳಿನ ವಿಸ್ತೀರ್ಣ ಎರಡೂಕಾಲು ಪಟ್ಟು. ಆದರೆ ಇಂಜಿನ್ನು ಬೆಳೆದದ್ದು ಆರನೇ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ನದಿ ಅಗಲವಾದಲ್ಲಿ ನೀರು ನಿಧಾನವಾಗುವಂತೆ, ಅಗಲವಾದ ಕೊರಳಿನಲ್ಲಿ ಗಾಳಿಯ ವೇಗ ಕುಗ್ಗುತ್ತದೆ. ವೇಗವಿಲ್ಲದ ಗಾಳಿ ಪೆಟ್ರೋಲನ್ನು ಮೇಲಕ್ಕೆಳೆಯಲಾರದು. ಗಾಡಿ ಮುಗ್ಗರಿಸುತ್ತಿದ್ದುದಕ್ಕೆ ಕಾರಣ ಇದೇ. ಈ ಇಂಜಿನ್ನಿಗೆ 22ರಿಂದ 25 ಮಿ.ಮೀ. ಸಾಕೆಂದು ಹೇಳಿ, ನೀಡಲ್ ಇರುವ 24 ಮಿ.ಮೀ. ಡೆಲ್ಲೋರ್ಟೊ ಪಿ.ಎಚ್.ಬಿ.ಎಲ್. ತರಿಸಿದ. "ಹಸಿವಿದ್ದಷ್ಟು ಬಾಯಿ ಇರಬೇಕು ಸಾರ್" ಎಂದ.

ಆಮೇಲೆ ಜೆಟ್ಟಿಗೆ ಕೈ ಹಾಕುವ ಮೊದಲು ಬೇರೆಲ್ಲವನ್ನೂ ಪರೀಕ್ಷಿಸಿದ. ಕ್ರ್ಯಾಂಕಿನ ಆಯಿಲ್ ಸೀಲುಗಳು, ಕಾರ್ಬುರೇಟರ್ ಕೂರುವ ಕೊಳವೆಯ ಗ್ಯಾಸ್ಕೆಟ್ಟು, ಎಲ್ಲಿಯಾದರೂ ಕಳ್ಳಗಾಳಿ ನುಗ್ಗುತ್ತಿದೆಯೇ ಎಂದು ನೋಡಿದ. ಟ್ಯಾಂಕಿನಿಂದ ಪೆಟ್ರೋಲು ಸಲೀಸಾಗಿ ಇಳಿಯುತ್ತಿದೆಯೇ ಎಂದು ಪೈಪು ಬಿಚ್ಚಿ ಸೀಸೆಗೆ ಹಿಡಿದು ನೋಡಿದ. ಕಿಡಿಯ ಸಮಯವನ್ನು ಸರಿಮಾಡಿದ. ಕಳ್ಳಗಾಳಿ ಇರುವ ಇಂಜಿನ್ನಿಗೆ ಜೆಟ್ಟು ಬದಲಿಸುವುದೆಂದರೆ ತೂತು ಬಿಂದಿಗೆಗೆ ಹೆಚ್ಚು ನೀರು ಸುರಿದಂತೆ. ಏರ್ ಫಿಲ್ಟರನ್ನೂ ಮೊದಲೇ ಹಾಕಿದ. ಫಿಲ್ಟರಿಲ್ಲದೆ ಜೆಟ್ಟು ಹೊಂದಿಸಿ ನಂತರ ಫಿಲ್ಟರ್ ಹಾಕಿದರೆ ಲೆಕ್ಕವೆಲ್ಲ ತಪ್ಪುತ್ತದೆ.

ಜೆಟ್ಟುಗಳ ಮೇಲಿನ ಸಂಖ್ಯೆಯನ್ನು ಅರಿಯುವುದು ಮುಖ್ಯ. ಡೆಲ್ಲೋರ್ಟೊ ಜೆಟ್ಟಿನ ಸಂಖ್ಯೆ ರಂಧ್ರದ ವ್ಯಾಸ. 105 ಎಂದರೆ 1.05 ಮಿ.ಮೀ. ಆಮಲ್ ಜೆಟ್ಟಿನ ಸಂಖ್ಯೆಯಾದರೋ ಅದರ ಮೂಲಕ ಹರಿಯುವ ಪೆಟ್ರೋಲಿನ ಪ್ರಮಾಣವನ್ನು ಸೂಚಿಸುತ್ತದೆ. ಆದುದರಿಂದ ಒಂದರ ಸಂಖ್ಯೆಯನ್ನು ಇನ್ನೊಂದಕ್ಕೆ ಹೊಂದಿಸಬಾರದು. ವ್ಯಾಸ ಸ್ವಲ್ಪ ಹೆಚ್ಚಿದರೂ ವಿಸ್ತೀರ್ಣ ಅದರ ವರ್ಗದಂತೆ ಹೆಚ್ಚುತ್ತದೆ. 100ರ ಬದಲು 110 ಹಾಕಿದರೆ ವಿಸ್ತೀರ್ಣ ನೂರಕ್ಕೆ 21ರಷ್ಟು ಹಿಗ್ಗುತ್ತದೆ. ಆಕ್ಸಿಲರೇಟರಿನ ತಿರುವಿನಲ್ಲಿ ಒಂದೊಂದು ಭಾಗಕ್ಕೆ ಒಂದೊಂದು ಅಂಗ ಹೊಣೆ. ಆರಂಭದ ಎಂಟನೇ ಒಂದು ಭಾಗ ಚಿಕ್ಕ ಜೆಟ್ಟಿನದು ಮತ್ತು ಪಕ್ಕದ ತಿರುಪಿನದು. ಅಲ್ಲಿಂದ ಕಾಲು ಭಾಗದವರೆಗೆ ಸ್ಲೈಡಿನ ಓರೆಯದು. ಕಾಲಿನಿಂದ ಮುಕ್ಕಾಲಿನವರೆಗೆ ನೀಡಲಿನದು. ಮುಕ್ಕಾಲಿನಿಂದ ಪೂರ್ತಿಯವರೆಗೆ ದೊಡ್ಡ ಜೆಟ್ಟಿನದು. ಒಂದರ ದೋಷಕ್ಕೆ ಇನ್ನೊಂದನ್ನು ದಂಡಿಸಬಾರದು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಬದಲಿಸಿದ್ದನ್ನು ಬರೆದಿಟ್ಟುಕೊಳ್ಳಬೇಕು. ಅವನು ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆಯುತ್ತಿದ್ದ. ಅಕ್ಷರ ದುಂಡಗಿದ್ದವು.

ದೊಡ್ಡ ಜೆಟ್ಟನ್ನು ಅವನು ಬೇಕಾದುದಕ್ಕಿಂತ ದೊಡ್ಡದರಿಂದಲೇ, 115ರಿಂದ, ಆರಂಭಿಸಿದ. ದೊಡ್ಡದಾದರೆ ಗಾಡಿ ಗೊರಗೊರ ಎನ್ನುತ್ತದೆ, ಹೊಗೆಯುಗುಳುತ್ತದೆ, ಆದರೆ ಸೀಜಾಗುವುದಿಲ್ಲ. ಮುಂಜಾನೆ ರಸ್ತೆ ಖಾಲಿಯಿರುವಾಗ ಮಗನು ಟಾಪ್ ಗೇರಿನಲ್ಲಿ ಪೂರ್ತಿ ಓಡಿಸಿ, ಒಮ್ಮೆಗೇ ಕ್ಲಚ್ ಹಿಡಿದು ಇಂಜಿನ್ ಆರಿಸಿ, ಬದಿಗೆ ನಿಲ್ಲಿಸಿ ಪ್ಲಗ್ ಬಿಚ್ಚುತ್ತಿದ್ದ. ಅಪ್ಪ ಭೂತಗನ್ನಡಿ ಹಿಡಿದು ಪಿಂಗಾಣಿಯ ಬುಡದವರೆಗೆ ನೋಡುತ್ತಿದ್ದ. ಕಪ್ಪಾಗಿ ಒದ್ದೆಯಿದ್ದರೆ ಪೆಟ್ರೋಲು ಹೆಚ್ಚು; ಬಿಸ್ಕತ್ತಿನ ಬಣ್ಣವಿದ್ದರೆ ಸರಿ; ಬಿಳಿಚಿಕೊಂಡಿದ್ದರೆ ಅಪಾಯ. 2000ದಲ್ಲಿ ಸೀಸಬೆರೆತ ಪೆಟ್ರೋಲು ನಮ್ಮಲ್ಲಿ ನಿಂತ ಮೇಲೆ ಈ ಬಣ್ಣವನ್ನು ಓದುವುದು ಮೊದಲಿನಷ್ಟು ಸುಲಭವಲ್ಲವಂತೆ. ಆದುದರಿಂದ ಕಿವಿಯನ್ನೂ ನಂಬಬೇಕು. 112, 110, 108 ಎಂದು ಇಳಿಯುತ್ತ ಬಂದು 105ರಲ್ಲಿ ಗಾಡಿ ಚೆನ್ನಾಗಿ ಓಡಿತು. ಹುಡುಗ ಸಂತೋಷದಿಂದ, "ಇನ್ನೊಂದು ಇಳಿಸಿದರೆ ಇನ್ನೂ ಓಡಬಹುದೇನೋ" ಎಂದ. ಅವನು ತಲೆಯಾಡಿಸಿ, ಇಳಿಸುವುದರ ಬದಲು ಮತ್ತೆ 108ನ್ನೇ ಹಾಕಿದ.

ಅದಕ್ಕೆ ಕಾರಣವನ್ನೂ ಹೇಳಿದ. ಈಗ ಪೆಟ್ರೋಲಿನಲ್ಲಿ ನೂರಕ್ಕೆ 20ರಷ್ಟು ಎಥೆನಾಲ್ ಸೇರುವ ಕಾಲ. ಎಥೆನಾಲ್ ತನ್ನೊಳಗೇ ಆಮ್ಲಜನಕವನ್ನು ಇಟ್ಟುಕೊಂಡಿರುವುದರಿಂದ ಅದೇ ಗಾಳಿಗೆ ಹೆಚ್ಚು ಇಂಧನ ಬೇಕಾಗುತ್ತದೆ. ನಾನು ಮನೆಗೆ ಬಂದು ಲೆಕ್ಕ ಹಾಕಿದೆ: ಸುಮಾರು ನೂರಕ್ಕೆ 7ರಿಂದ 8 ಹೆಚ್ಚು, ಜೆಟ್ಟಿನ ವ್ಯಾಸದಲ್ಲಿ ನೂರಕ್ಕೆ 4ರಷ್ಟು. 105ಕ್ಕೆ ನಾಲ್ಕು ಸೇರಿಸಿದರೆ 109. ಅಂದು ನಮ್ಮ ಟ್ಯಾಂಕಿನಲ್ಲಿದ್ದ ಪೆಟ್ರೋಲಿನಲ್ಲಿ ಎಥೆನಾಲ್ ಆಗಲೇ ಸ್ವಲ್ಪ ಇದ್ದಿತಾದುದರಿಂದ 108 ಸಾಕು. ನಾನು ಕಾಗದದಲ್ಲಿ ಅರ್ಧ ಗಂಟೆ ಕಳೆದು ಮುಟ್ಟಿದ ಸಂಖ್ಯೆಗೆ ಅವನು ಪ್ಲಗ್ಗನ್ನು ನೋಡಿಯೇ ಮುಟ್ಟಿದ್ದ.

ಆ ಸಂಜೆ ಲೆಕ್ಕದ ಕಾಗದವನ್ನು ಮಡಿಸಿಡುವಾಗ ನನ್ನ ಮಡದಿ ಕೇಳಿದಳು, "ಅವನಿಗೆ ಹೇಳಿದಿರಾ?" ಏನನ್ನು ಎಂದು ನಾನು ಕೇಳಲಿಲ್ಲ. 1986ರಲ್ಲಿ ಎಳೆಯ ಲೆಕ್ಕವನ್ನು ನಾನು ಮೊದಲು ಹೆಮ್ಮೆಯಿಂದ ತೋರಿಸಿದ್ದು ಅವಳಿಗೇ.

ಮರುದಿನ ಗ್ಯಾರೇಜಿಗೆ ಹೋಗಿ, ಅವನ ಮಗನ ಎದುರಿಗೆ, ನನ್ನ ತಂಗಿಯ ಮಗನ ಎದುರಿಗೆ ಹೇಳಿದೆ: "ಅವತ್ತು ನೀನು ಬೇಡವೆಂದಿದ್ದೆ. ನಾನೇ ಹಟ ಮಾಡಿ ಹಾಕಿಸಿದೆ. ಊರಿಗೆಲ್ಲ ನಿನ್ನ ತಪ್ಪೆಂದು ಹೇಳಿದೆ. ಅದು ನನ್ನ ತಪ್ಪು." ಅವನು ಸ್ವಲ್ಪ ಹೊತ್ತು ಕೈಯಲ್ಲಿದ್ದ ಬಟ್ಟೆಯಿಂದ ಬೆರಳುಗಳನ್ನು ಒರೆಸಿಕೊಳ್ಳುತ್ತಿದ್ದ. "ನಾನೂ ಗಟ್ಟಿಯಾಗಿ ಬೇಡ ಅನ್ನಬೇಕಿತ್ತು ಸಾರ್. ಮೇಷ್ಟ್ರು ಅಂತ ಸುಮ್ಮನಾದೆ. ಅಮ್ಮಾವ್ರ ಕೈ ಈಗ ಹೇಗಿದೆ?" ಎಂದ. ಅವನ ಮಗ ನನ್ನತ್ತ ನೋಡಲಿಲ್ಲ. ಹಾಗೆ ನೋಡದಿರಲು ಅವನಿಗೆ ಹಕ್ಕಿದೆ.

ಅವನ ಬಳಿ ಹೇಳಿದ್ದು ಸಾಲದು. ತರಗತಿಯಲ್ಲಿ ಹೇಳಿದ ಸುಳ್ಳನ್ನು ತರಗತಿಯಲ್ಲಿಯೇ ತಿದ್ದಬೇಕು. ನನಗೀಗ ತರಗತಿಯೆಂದರೆ ಈ ಪುಟ, ನೀವು. 1986ರ ಆ ಅಪಘಾತದ ಕಥೆಯನ್ನು ನನ್ನಿಂದ ಕೇಳಿದವರು ದಯವಿಟ್ಟು ನಿಮ್ಮ ನೆನಪಿನಲ್ಲಿ ತಿದ್ದಿಕೊಳ್ಳಿ. ಜೆಟ್ಟನ್ನು ಕೆಡಿಸಿದವನು ಮೆಕ್ಯಾನಿಕ್ ಅಲ್ಲ, ವಿಜ್ಞಾನದ ಮೇಷ್ಟ್ರು. ಈ ಕಥೆಯನ್ನು ನೀವು ಬೇರೆ ಯಾರಿಗಾದರೂ ಹೇಳಿದ್ದರೆ ಅವರಿಗೂ ತಿಳಿಸಿ.

ಗಾಡಿ ಈಗ ಬೆಂಗಳೂರಿನಲ್ಲಿದೆ, ಚೆನ್ನಾಗಿ ಓಡುತ್ತಿದೆಯಂತೆ. ಕಳೆದ ತಿಂಗಳು ಹುಡುಗ ಫೋನು ಮಾಡಿ, ಮೈಲೇಜು ಸ್ವಲ್ಪ ಕಡಿಮೆ, ಒಂದು ಸೈಜು ಇಳಿಸಲೇ ಎಂದು ಕೇಳಿದ. ತಿಪಟೂರಿನ ಗ್ಯಾರೇಜಿಗೆ ಕೇಳಪ್ಪ, ನನ್ನನ್ನು ಕೇಳಬೇಡ ಎಂದೆ.